ಕಡಿದಾದ ತಿರುವಿನ ಮೆಟ್ಟಿಲು

ಬೆಟ್ಟ ಹತ್ತುವವರಿಗೆ ಒಂದು ದುರಭ್ಯಾಸವಿದೆ. ದಾರಿ ಚೆನ್ನಾಗಿದ್ದರೆ ಬೆಟ್ಟವನ್ನು ಹೊಗಳುತ್ತಾರೆ, ಕೆಟ್ಟಿದ್ದರೆ ದಾರಿ ಮಾಡಿದವರನ್ನು ಬೈಯುತ್ತಾರೆ. ಇಷ್ಟು ಗೊತ್ತಿದ್ದೂ ಈ ಕೆಲಸಕ್ಕೆ ಬರುವವರು ಒಂದೋ ಹುಚ್ಚರಾಗಿರಬೇಕು, ಇಲ್ಲವೇ ಇಪ್ಪತ್ತರ ಆಸುಪಾಸಿನವರಾಗಿರಬೇಕು. ಅಕ್ಕನ ತಂಡದಲ್ಲಿ ಎರಡೂ ಬಗೆಯವರಿದ್ದರು. ಕೆಲವರು ಎರಡೂ ಆಗಿದ್ದರು.

ಅಕ್ಕ ಎಂದರೆ ತಂಡದ ನಾಯಕಿ. ಹುಡುಗರು ಹುಡುಗಿಯರೆಲ್ಲ ಹಾಗೇ ಕರೆಯುತ್ತಿದ್ದರು, ನಾವೂ ಹಾಗೇ ಕರೆಯೋಣ. ವಯಸ್ಸು ನಲವತ್ತು ದಾಟಿತ್ತು. ತಗ್ಗು ಬಾಗಿಲಿನ ಮನೆಗೆ ಹೋದರೆ ಹಣೆಗೆ ಏಟು ಗ್ಯಾರಂಟಿ ಎನ್ನುವಷ್ಟು ಎತ್ತರದ ಹೆಂಗಸು. ದೂರದ ಕಾಡುಗಳಲ್ಲಿ, ಬೆನ್ನಿಗೆ ಚೀಲ ಹೊತ್ತ ಗಟ್ಟಿಮುಟ್ಟು ಚಾರಣಿಗರು ಮಾತ್ರ ಓಡಾಡುವ ಕಡೆ ವರ್ಷಗಟ್ಟಲೆ ಕಾಲುದಾರಿ ಕಟ್ಟಿ ಬಂದವಳು. ಈ ಸಲ ಅವಳ ಪಾಲಿಗೆ ಬಂದದ್ದು ಊರಿನ ಬೆನ್ನಿಗೇ ಅಂಟಿಕೊಂಡಿದ್ದ ಗುಡ್ಡ. ಮೇಲೊಂದು ಕೆರೆ. ಬೆಳಗ್ಗೆ ಸಕ್ಕರೆ ಕಾಯಿಲೆಯವರು, ಸಂಜೆ ಪ್ರೇಮಿಗಳು, ರಜೆ ದಿನ ಮಕ್ಕಳು ಮರಿ ಕಟ್ಟಿಕೊಂಡ ಸಂಸಾರಸ್ಥರು ಎಲ್ಲರೂ ಹತ್ತುತ್ತಿದ್ದ ದಾರಿ ಮಳೆಗೆ ಕೊಚ್ಚಿಹೋಗಿ, ಅರಣ್ಯ ಇಲಾಖೆಯವರು ಹಗ್ಗ ಕಟ್ಟಿ ಮುಚ್ಚಿದ್ದರು. ಅದನ್ನು ಸರಿಪಡಿಸಲು ಒಂದು ಹಂಗಾಮಿನ ಮಟ್ಟಿಗೆ ಊರಿನ ಯುವಕ ಯುವತಿಯರ ತಂಡ ಕಟ್ಟಿ ಅಕ್ಕನ ಕೈಗೆ ಕೊಟ್ಟರು.

ಎಲ್ಲೇ ಕೆಲಸವಿರಲಿ, ಮೊದಲ ದಿನವೇ ಅಕ್ಕ ಎಲ್ಲರ ಕೈಗೆ ಒಂದೊಂದು ಕೋಲು ಕೊಡುತ್ತಿದ್ದಳು. ಇದು ಅವಳ ಪದ್ಧತಿ. ತನ್ನ ಹಳೆಯ ಕೋಲನ್ನು ಪಕ್ಕದಲ್ಲಿಟ್ಟು ಅದೇ ಉದ್ದಕ್ಕೆ ಕತ್ತರಿಸಿ, ಅದರಲ್ಲಿ ಗೀರು ಇರುವ ಜಾಗಕ್ಕೇ ಚಾಕುವಿನಿಂದ ಗೀರು ಹಾಕಿ ಕೊಡುತ್ತಿದ್ದಳು. ಮೆಟ್ಟಿಲಿನ ಎತ್ತರ ಆ ಗೀರು ದಾಟಬಾರದು. ಟೇಪು ಯಾಕಿಲ್ಲ ಎಂದು ಕೇಳಿದವರಿಗೆ, "ಟೇಪು ಮಣ್ಣಿಗೆ ಬಿದ್ದರೆ ಕಳೆದುಹೋಗುತ್ತೆ, ಕೋಲು ಬಿದ್ದರೆ ಇನ್ನೊಂದು ಕೋಲು ಸಿಗುತ್ತೆ" ಎನ್ನುತ್ತಿದ್ದಳು. ಆ ಗೀರನ್ನು ಅವಳು ಬಹಳ ಹಿಂದೆ ಹಾಕಿಕೊಂಡಿದ್ದು; ಯೋಚನೆ ಮಾಡದೆ ಕಾಲೆತ್ತಿದರೆ ಪಾದ ಎಲ್ಲಿಗೆ ಬರುತ್ತದೋ ಅಲ್ಲಿಗೆ.

ತಂಡದಲ್ಲಿ ಒಬ್ಬಳಿದ್ದಳು, ಮೆಣಸಿನಕಾಯಿ. ಹೆಸರಿಟ್ಟವನು ರೇಡಿಯೋ, ಅಂದರೆ ಬೆಳಗ್ಗೆ ಬಾಯಿ ತೆರೆದರೆ ಸಂಜೆ ಸಾಮಾನು ಕಟ್ಟುವವರೆಗೂ ಮುಚ್ಚದ ಹುಡುಗ. ಮೆಣಸಿನಕಾಯಿಗೆ ಕೋಪ ಮೂಗಿನ ತುದಿಯಲ್ಲೇ. ಬಟ್ಟೆ ಅಂಗಡಿಯಲ್ಲಿ ಗಿರಾಕಿಯ ಮೇಲೆ ರೇಗಿ ಕೆಲಸ ಬಿಟ್ಟಿದ್ದಳು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮಾಲೀಕನ ಮೇಲೆ ರೇಗಿ ಬಿಟ್ಟಿದ್ದಳು. ಅಪ್ಪ ಅಮ್ಮ ಇಲ್ಲದ ಹುಡುಗಿ. ಗುಡ್ಡದ ಬುಡದ ಬೀದಿಯಲ್ಲಿ ಇಸ್ತ್ರಿ ಅಂಗಡಿ ಇಟ್ಟುಕೊಂಡಿದ್ದ ಅಜ್ಜಿಯ ಜೊತೆ ಇದ್ದಳು. ಇಲ್ಲೂ ಅವಳು ನಾಲ್ಕು ದಿನ ಇದ್ದು ಹೋಗುವವಳೆಂದೇ ಎಲ್ಲರ ಲೆಕ್ಕಾಚಾರ.

ಆದರೆ ಕಲ್ಲು ಅವಳ ಮಾತು ಕೇಳಿತು. ಮಿಕ್ಕವರು ಒಂದು ಕಲ್ಲನ್ನು ಹಾರೆಯಿಂದ ಮೀಟಿ, ಉರುಳಿಸಿ, ಹೊಂದಲಿಲ್ಲವೆಂದು ಮತ್ತೆ ಉರುಳಿಸುವಷ್ಟರಲ್ಲಿ ಅವಳು ಇಳಿಜಾರಿನ ಕಲ್ಲುಗಳ ನಡುವೆ ಒಂದು ಸುತ್ತು ಹಾಕಿ, "ಅದು ಅಲ್ಲ, ಇದು" ಎಂದು ಒಂದಕ್ಕೆ ಕಾಲು ತಾಗಿಸುತ್ತಿದ್ದಳು. ಅದೇ ಹೊಂದುತ್ತಿತ್ತು. ಕಲ್ಲಿನ ಅರ್ಧ ಮೈ ಮಣ್ಣಿನೊಳಗೆ ಕೂರಿಸಿ, ಸಂದಿಗೆ ಚಕ್ಕೆ ಕಲ್ಲು ಬಡಿದು, ನೀರು ಹೊರಗೆ ಜಾರುವಂತೆ ಒಂಚೂರು ವಾಲಿಸಿ, ಆಮೇಲೆ ಅದರ ಮೇಲೆ ಹತ್ತಿ ಧಿಂ ಧಿಂ ಎಂದು ಕುಣಿಯುತ್ತಿದ್ದಳು. ಕಲ್ಲು ಮಿಸುಕಿದರೆ ಬೈದು ಕೀಳುತ್ತಿದ್ದಳು. ಅಕ್ಕನಿಗೆ ಅವಳನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಈ ಕೆಲಸವನ್ನು ಯಾರ ಕೈಗೆ ಕೊಟ್ಟು ಹೋಗುವುದು ಎಂಬ ಚಿಂತೆ ಅವಳಿಗೆ ಇತ್ತೀಚೆಗೆ ಹತ್ತಿಕೊಂಡಿತ್ತು. ಮೆಣಸಿನಕಾಯಿಯನ್ನು ನೋಡಿದಾಗ ಅದು ಹಗುರವಾಗುತ್ತಿತ್ತು.

ಇಲಾಖೆಯಲ್ಲಿ ದಾರಿ ಮೇಸ್ತ್ರಿಯ ಒಂದು ಕಾಯಂ ಕೆಲಸ ಖಾಲಿಯಿತ್ತು. ತಂಡದಿಂದ ಒಬ್ಬರನ್ನು ತೆಗೆದುಕೊಳ್ಳುತ್ತೇವೆ, ಗುರುವಾರ ಸಾಹೇಬರೇ ಬಂದು ಕೆಲಸ ನೋಡುತ್ತಾರೆ ಎಂದು ಸುದ್ದಿ ಬಂದಿತ್ತು. ತೋರಿಸಬೇಕಾದ ಕೆಲಸ ಯಾವುದೆಂದು ಯಾರಿಗೂ ಅನುಮಾನವಿರಲಿಲ್ಲ. ಕಡಿದಾದ ತಿರುವಿನಲ್ಲಿ ಮೆಣಸಿನಕಾಯಿ ಮುಂದೆ ನಿಂತು ಕಟ್ಟಿಸಿದ ಕಲ್ಲಿನ ಮೆಟ್ಟಿಲುಗಳು. ಒಂದೊಂದೂ ಕೋಲಿನ ಗೀರಿಗೆ ಸರಿಯಾಗಿ, ಕೆಳಗಿನಿಂದ ನೋಡಿದರೆ ಎದೆ ತುಂಬಿಬರುವ ಹಾಗಿದ್ದವು. ಶನಿವಾರ ಸಂಜೆ ಕೊನೆಯ ಕಲ್ಲು ಕೂತಾಗ ರೇಡಿಯೋ ಕೂಡ ಸ್ವಲ್ಪ ಹೊತ್ತು ಸುಮ್ಮನಿದ್ದ.

ಸೋಮವಾರ ಬೆಳಗ್ಗೆ ಅಕ್ಕ ಎಲ್ಲರಿಗಿಂತ ಮುಂಚೆ ಬಂದಳು. ಭಾನುವಾರ ಊರಿನವರು ಹಗ್ಗ ದಾಟಿ ಹತ್ತಿದ್ದರು. ಅದಕ್ಕೆ ಅವಳೇನೂ ಬೇಸರ ಮಾಡಿಕೊಳ್ಳಲಿಲ್ಲ. ಹಗ್ಗ ಕಟ್ಟುವುದೇ ಜನ ದಾಟಲಿಕ್ಕೆ. ಆದರೆ ತಿರುವಿಗೆ ಬಂದವಳು ಗಕ್ಕನೆ ನಿಂತಳು. ಮೆಟ್ಟಿಲುಗಳ ಮೇಲೆ ಶನಿವಾರದ ಮಣ್ಣಿನ ಪುಡಿ ಹಾಗೆಯೇ ಇತ್ತು. ಪಕ್ಕದ ಹುಲ್ಲು ಮಾತ್ರ ಬುಡದಿಂದ ತುದಿಯವರೆಗೆ ತುಳಿದು ಮಲಗಿಹೋಗಿತ್ತು. ಚಪ್ಪಲಿ, ಬೂಟು, ಮಕ್ಕಳ ಪುಟ್ಟ ಪಾದ, ಊರುಗೋಲಿನ ತೂತು ಎಲ್ಲವೂ ಹುಲ್ಲಿನ ಮೇಲೆ.

ದಾರಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಹುಲ್ಲು ಸತ್ತ ಕಡೆ ನೀರು ಹರಿಯುತ್ತದೆ, ನೀರು ಹರಿದ ಕಡೆ ಕೊರಕಲು ಬೀಳುತ್ತದೆ. ಒಂದು ಮಳೆಗಾಲ ಸಾಕು, ಮೆಟ್ಟಿಲು ಅನಾಥವಾಗಿ ಒಂದು ಕಡೆ, ಹಳ್ಳ ಒಂದು ಕಡೆ. ಅಕ್ಕ ಮೊದಲ ಮೆಟ್ಟಿಲಿನ ಪಕ್ಕ ತನ್ನ ಕೋಲು ನಿಲ್ಲಿಸಿದಳು. ಎತ್ತರ ಗೀರಿಗೆ ಸರಿಯಾಗಿತ್ತು. ಹಾಗಾದರೆ ತಪ್ಪಿದ್ದು ಗೀರಿನಲ್ಲೇ. ತನ್ನ ಉದ್ದದ ಕಾಲಿಗೆ, ಇಪ್ಪತ್ತರ ಮಂಡಿಗಳಿಗೆ ಲೆಕ್ಕಕ್ಕೇ ಇಲ್ಲದ ಎತ್ತರ ಊರಿನ ಅರ್ಧ ಜನಕ್ಕೆ ಗೋಡೆ. ಎಲ್ಲರಿಗೂ ಕೋಲು ಕತ್ತರಿಸಿ ಕೊಟ್ಟವಳು ತಾನೇ ಎಂದುಕೊಂಡಾಗ ಅವಳಿಗೆ ಆ ಹುಡುಗಿಯ ಮುಖ ನೋಡುವ ಧೈರ್ಯ ಬರಲಿಲ್ಲ. ಅಂದು ಇಡೀ ದಿನ ಅವಳು ತಂಡವನ್ನು ಕೆರೆಯ ಬದಿಯ ಚರಂಡಿ ಕೆಲಸಕ್ಕೆ ಹಚ್ಚಿದಳು.

ಸಂಜೆ ಅಡುಗೆಮನೆಯಲ್ಲಿ ಗಂಡನಿಗೆ ಹೇಳಿದಳು. ಗಂಡ ಬಸ್ ಡ್ರೈವರ್. ದಿನವಿಡೀ ಹಾರ್ನ್ ಕೇಳಿ ಕೇಳಿ, ಮನೆಯಲ್ಲಿ ಕುಕ್ಕರ್ ಕೂಗಿದರೂ ಬೆಚ್ಚುವ ಮನುಷ್ಯ. ಈರುಳ್ಳಿ ಸುಲಿಯುತ್ತ ಪೂರ್ತಿ ಕೇಳಿಸಿಕೊಂಡ.

"ಗುರುವಾರ ಸಾಹೇಬ ಬಂದು ನೋಡಿ ಹೋಗಲಿ. ಹುಡುಗಿಗೆ ಕೆಲಸ ಸಿಗಲಿ. ಶುಕ್ರವಾರ ಕೆಡವಿ, ಬೇಕಾದ ಹಾಗೆ ಕಟ್ಕೊಳ್ಳಿ. ಇದರಲ್ಲಿ ತಲೆ ಕೆಡಿಸಿಕೊಳ್ಳೋದು ಏನಿದೆ?"

"ಸುಳ್ಳು ಹೇಳಿದ ಹಾಗಾಗಲ್ವಾ?"

"ನೀನು ಬಾಯಿ ಬಿಡದಿದ್ರೆ ಸುಳ್ಳು ಎಲ್ಲಿಂದ ಬರುತ್ತೆ ಮಾರಾಯ್ತಿ? ಆ ಹುಡುಗಿಗೆ ಇದು ಮೂರನೇ ಕೆಲಸ ಅಂತೀಯ. ಇದೂ ಹೋದ್ರೆ ಇನ್ಯಾರು ಕರೀತಾರೆ ಅವಳನ್ನ?"

ಅದು ನಿಜವಾಗಿತ್ತು. ಅಕ್ಕನಿಗೆ ಅದೇ ಬೇಕಾಗಿತ್ತು ಕೂಡ. ಮೂರು ದಿನ ಬಾಯಿಗೆ ಬೀಗ ಹಾಕಿಕೊಂಡರೆ ಒಂದು ಜೀವ ನೆಲೆ ನಿಲ್ಲುತ್ತದೆ ಎಂದು ಸಮಾಧಾನ ಮಾಡಿಕೊಂಡು ಮಲಗಿದಳು. ಆದರೆ ಬೀಗ ಮಂಗಳವಾರ ಹತ್ತು ಗಂಟೆಯವರೆಗೂ ನಿಲ್ಲಲಿಲ್ಲ.

"ಅಕ್ಕ, ನಾನೇನಾದ್ರೂ ತಪ್ಪು ಮಾಡಿದೀನಾ?" ಮೆಣಸಿನಕಾಯಿ ಸನಿಕೆ ಊರಿ ನೇರವಾಗಿ ಕೇಳಿದಳು. "ನಿನ್ನೆಯಿಂದ ನೀವು ಮೆಟ್ಟಿಲಿನ ಕಡೆ ತಿರುಗಿಯೂ ನೋಡ್ತಿಲ್ಲ. ನನ್ನ ಕಡೆನೂ."

ಅಕ್ಕ ಎಲ್ಲರನ್ನೂ ತಿರುವಿಗೆ ಕರೆದುಕೊಂಡು ಹೋಗಿ ಹುಲ್ಲು ತೋರಿಸಿದಳು. ಹೆಚ್ಚು ಹೇಳಬೇಕಾಗಲಿಲ್ಲ, ಈ ಹಂಗಾಮಿನಲ್ಲಿ ಅವರು ಅಷ್ಟು ಕಲಿತಿದ್ದರು. ರೇಡಿಯೋ "ಅಯ್ಯೋ" ಎಂದು ಅಲ್ಲೇ ಕೂತುಬಿಟ್ಟ. ಮೆಣಸಿನಕಾಯಿ ಬಗ್ಗಿ ಒಂದು ಪುಟ್ಟ ಹೆಜ್ಜೆಯ ಗುರುತನ್ನು ನೋಡಿದಳು, ಮೆಟ್ಟಿಲು ನೋಡಿದಳು, ತನ್ನ ಕೈಯಲ್ಲಿದ್ದ ಕೋಲು ನೋಡಿದಳು.

"ಕೋಲು ನಿಮ್ಮದು," ಎಂದಳು.

"ಹೌದು ಕಣೇ. ಕೋಲು ನಂದೇ. ತಪ್ಪೂ ನಂದೇ. ಕಲ್ಲು ಕೂರಿಸಿದ್ದರಲ್ಲಿ ಒಂದು ಕೂದಲಿನಷ್ಟೂ ತಪ್ಪಿಲ್ಲ. ಗುರುವಾರದ ತನಕ ಹೀಗೇ ಬಿಡೋಣ ಅಂತ ನಾನೂ ಅಂದ್ಕೊಂಡೆ. ನಿನ್ನ ಕೆಲಸದ ವಿಷಯ ಇದೆ. ನೀನು ಹೇಗೆ ಹೇಳಿದ್ರೆ ಹಾಗೆ."

ಮೆಣಸಿನಕಾಯಿ ಕೋಲನ್ನು ಎಸೆದು, ಗಿರಕ್ಕನೆ ತಿರುಗಿ, ದಡದಡನೆ ಗುಡ್ಡ ಇಳಿದು ಹೋದಳು. ಕೂಗಿದರೂ ನಿಲ್ಲಲಿಲ್ಲ.

"ಮೂರನೇದೂ ಆಯ್ತು," ಎಂದ ರೇಡಿಯೋ ಮೆಲ್ಲಗೆ. ಅಕ್ಕ ಅವನನ್ನು ಬೈಯಬೇಕೆಂದವಳು ಬೈಯದೆ ಹಾರೆ ಎತ್ತಿಕೊಂಡು ಮೊದಲ ಮೆಟ್ಟಿಲಿನ ಹತ್ತಿರ ಹೋಗಿ ನಿಂತಳು. ಎತ್ತಿ ಹಾಕಲು ಮನಸ್ಸು ಬರಲಿಲ್ಲ. ತಂಡ ಸುಮ್ಮನೆ ನೀರು ಕುಡಿಯುತ್ತ, ನೆಲ ಕೆರೆಯುತ್ತ ಕೂತಿತು.

ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಕೆಳಗಿನಿಂದ ಜಗಳದ ಸದ್ದು ಕೇಳಿಸಿತು.

"ಇಸ್ತ್ರಿ ಪೆಟ್ಟಿಗೆ ಹಾಗೇ ಬಿಟ್ಟು ಬಂದಿದೀನಿ ಕಣೇ. ವಕೀಲರ ಕೋಟು ಸುಟ್ಟುಹೋದ್ರೆ ನಿನ್ನನ್ನೇ ಕೋರ್ಟಿಗೆ ಕಳಿಸ್ತೀನಿ."

"ನಾನೇ ಆರಿಸಿ ಬಂದಿದೀನಿ ಅಜ್ಜಿ. ಬಾಯಿ ಕಮ್ಮಿ, ಕಾಲು ಜಾಸ್ತಿ."

ಅಜ್ಜಿ ಅಕ್ಕನ ಮೊಣಕೈಯಷ್ಟೇ ಎತ್ತರವಿದ್ದಳು. ಮೊಮ್ಮಗಳ ತೋಳು ಹಿಡಿದು ಬಂದವಳು ಮೆಟ್ಟಿಲು ಕಂಡಕೂಡಲೇ ತೋಳು ಬಿಟ್ಟು ಹುಲ್ಲಿನ ಕಡೆ ತಿರುಗಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ಮೆಣಸಿನಕಾಯಿ ಅಕ್ಕನ ಮುಖ ನೋಡಿ, ನೋಡಿದಿರಾ ಎಂಬಂತೆ ಹುಬ್ಬು ಹಾರಿಸಿದಳು. ಆ ಹುಬ್ಬಿನಲ್ಲಿ ಕೋಪವಿರಲಿಲ್ಲ, ಕೆಲಸವಿತ್ತು. ಅಕ್ಕನಿಗೆ ಆಗ ಹೋದ ಜೀವ ಬಂದಂತಾಯಿತು.

ಆಮೇಲೆ ನಡೆದದ್ದನ್ನು ಅಕ್ಕ ಇಷ್ಟು ವರ್ಷದಲ್ಲಿ ಒಮ್ಮೆಯೂ ಮಾಡಿರಲಿಲ್ಲ, ಮಾಡಬೇಕೆಂದು ಅವಳಿಗೆ ಹೊಳೆದೂ ಇರಲಿಲ್ಲ. ಹುಡುಗಿ ಸಪಾಟು ನೆಲದ ಮೇಲೆ ಚಪ್ಪಟೆ ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟು ಅಜ್ಜಿಯನ್ನು ಹತ್ತಿಸಿದಳು. ಒಂದು ತೆಗೆದಳು, ಮತ್ತೆ ಹತ್ತಿಸಿದಳು. ಇನ್ನೊಂದು ತೆಗೆದಳು.

"ಇಷ್ಟು ಪರವಾಗಿಲ್ಲ," ಎಂದಳು ಅಜ್ಜಿ.

"ಪರವಾಗಿಲ್ಲ ಬೇಡ ಅಜ್ಜಿ. ಗೊತ್ತೇ ಆಗಬಾರದು. ರೇಡಿಯೋ, ನೀನು ಅಜ್ಜಿ ಜೊತೆ ಏನಾದ್ರೂ ಮಾತಾಡ್ತಾ ಇರು. ಅವಳಿಗೆ ಕಾಲಿನ ಮೇಲೆ ಗಮನ ಇರಬಾರದು."

ಹುಟ್ಟಿದಾಗಿನಿಂದ ಎಲ್ಲರಿಂದ ಬಾಯಿ ಮುಚ್ಚೋ ಎನ್ನಿಸಿಕೊಂಡಿದ್ದವನಿಗೆ ಮೊದಲ ಬಾರಿ ಮಾತಾಡು ಎಂಬ ಕೆಲಸ ಸಿಕ್ಕಿತ್ತು. ಕೋಟಿನ ಕಾಲರ್ ಇಸ್ತ್ರಿ ಮಾಡುವುದು ಹೇಗೆಂದು ಅಜ್ಜಿಯನ್ನು ಕೇಳಿದ. ಅಜ್ಜಿ ವಿವರಿಸುತ್ತ ಹತ್ತಿದಳು, ಇಳಿದಳು, ವಕೀಲರ ಬೆವರಿನ ವಿಷಯ ಹೇಳುತ್ತ ಮತ್ತೆ ಹತ್ತಿದಳು. ಇಳಿಯುವಾಗ ಮಾತು ಒಂದು ಕ್ಷಣ ತಡೆಯಿತು. ಮೆಣಸಿನಕಾಯಿ ಅದನ್ನೇ ಕಾಯುತ್ತಿದ್ದಳು.

"ಹತ್ತುವಾಗ ಆಗದ್ದು ಇಳಿಯುವಾಗ ಆಗ್ತಿದೆ ಅಲ್ವಾ?"

"ಹತ್ತೋದು ಹೇಗೋ ಹತ್ತಬಹುದು ಕಣೇ. ಇಳಿಯುವಾಗ ಮಂಡಿ ಬೈಯುತ್ತೆ."

ಇನ್ನೊಂದು ತೆಳು ಕಲ್ಲು ಹೋಯಿತು. ಈ ಸಲ ಅಜ್ಜಿ ಕಾಲರಿನಿಂದ ತೋಳಿಗೆ, ತೋಳಿನಿಂದ ಗುಂಡಿಗೆ ತಡೆಯಿಲ್ಲದೆ ಹೋದಳು. ಮೆಣಸಿನಕಾಯಿ ಎಸೆದಿದ್ದ ಕೋಲು ಹುಡುಕಿ ತಂದು ಹೊಸ ಗೀರು ಹಾಕಿದಳು. ಹಳೆಯ ಗೀರಿನಿಂದ ಬಹಳ ಕೆಳಗೆ. ಅಕ್ಕ ತನ್ನ ಕೋಲನ್ನು ಅವಳ ಪಕ್ಕದಲ್ಲಿಟ್ಟು ಅದೇ ಜಾಗಕ್ಕೆ ಗೀರಿಕೊಂಡಳು. ಹೆಮ್ಮೆ, ನಾಚಿಕೆ ಎರಡೂ ಒಟ್ಟಿಗೆ ಆಗುವುದುಂಟು. ಅವಳಿಗೆ ಆಗ ಹಾಗಾಯಿತು, ಹೆಮ್ಮೆಯ ಪಾಲೇ ಹೆಚ್ಚು.

ಆದರೆ ಮೆಟ್ಟಿಲು ತಗ್ಗಿದರೆ ಅಷ್ಟೇ ಏರಿಗೆ ಹೆಚ್ಚು ಮೆಟ್ಟಿಲು ಬೇಕು, ಹೆಚ್ಚು ಮೆಟ್ಟಿಲಿಗೆ ಹೆಚ್ಚು ಜಾಗ ಬೇಕು. ನೇರವಾಗಿ ಏರುತ್ತಿದ್ದ ದಾರಿಯನ್ನು ಬಳಸಿಕೊಂಡು ಹೋಗುವಂತೆ ಬಾಗಿಸಬೇಕಾಯಿತು. ಎಂದರೆ ಬರೀ ರಿಪೇರಿಯಲ್ಲ, ಮೊದಲಿನಿಂದ ಕಟ್ಟುವುದು. ಗುರುವಾರದೊಳಗೆ ಮುಗಿಯುವ ಮಾತೇ ಇರಲಿಲ್ಲ.

"ಸಾಹೇಬರು ಬಂದಾಗ ಅರ್ಧ ಕಿತ್ತುಹೋಗಿರೋ ದಾರಿ ನೋಡ್ತಾರೆ," ಎಂದು ಅಕ್ಕ ಎಚ್ಚರಿಸಿದಳು. "ಯೋಚನೆ ಮಾಡು."

"ಮಾಡಿದೆ ಅಕ್ಕ. ಇಳಿದು ಹೋಗುವಾಗ ಮಾಡಿದ್ದು ಅದನ್ನೇ." ಮೆಣಸಿನಕಾಯಿ ಹಾರೆಯನ್ನು ತನ್ನ ಕೈಯಾರೆ ಕೂರಿಸಿದ್ದ ಮೊದಲ ಕಲ್ಲಿನ ಕೆಳಗೆ ತೂರಿಸಿದಳು. ಕಲ್ಲು ಅಲುಗಾಡಲಿಲ್ಲ. "ಥೂ, ಎಷ್ಟು ಗಟ್ಟಿಯಾಗಿ ಕೂರಿಸಿದೀನಿ," ಎಂದು ನಕ್ಕಳು. ಕಣ್ಣಲ್ಲಿ ನೀರಿತ್ತು. ಎಲ್ಲರೂ ನೋಡದವರ ಹಾಗೆ ನಟಿಸಿದರು.

ಆ ಎರಡು ದಿನ ಆ ಮಕ್ಕಳು ದುಡಿದದ್ದನ್ನು ಅಕ್ಕ ಮುಂದೆ ಎಷ್ಟೋ ಸಲ ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದಾಳೆ. ಯಾರೂ ಗೊಣಗಲಿಲ್ಲ. ಕೈ ಬೊಬ್ಬೆ ಎದ್ದವರು ಬಟ್ಟೆ ಸುತ್ತಿಕೊಂಡರು. ಕೆಲಸ ತನಗೆ ಸಿಗಬೇಕೆಂಬ ಆಸೆ ಒಳಗೊಳಗೆ ಇದ್ದವರೂ ಮೆಣಸಿನಕಾಯಿಯ ಕಲ್ಲು ಹೊತ್ತರು. ಬುಧವಾರ ಸಂಜೆಗೆ ಕೆಳಗಿನ ಅರ್ಧ ಮುಗಿಯಿತು: ತಗ್ಗು ಮೆಟ್ಟಿಲು, ನಡುನಡುವೆ ಉಸಿರು ತೆಗೆದುಕೊಳ್ಳಲು ಅಗಲದ ಜಾಗ, ಮೆಲ್ಲಗೆ ಬಾಗಿದ ದಾರಿ. ಮೇಲಿನ ಅರ್ಧ ಹಳೆಯದೇ, ಕಡಿದು ನಿಲ್ಲಿಸಿದಂತೆ ನೇರವಾಗಿ, ಎತ್ತರವಾಗಿ ಉಳಿದಿತ್ತು.

ಗುರುವಾರ ಸಾಹೇಬರು ಬಂದರು. ದೊಡ್ಡ ಹೊಟ್ಟೆ, ಸಣ್ಣ ಕರವಸ್ತ್ರ. ಜೀಪಿನಿಂದ ಇಳಿಯುವಾಗಲೇ ಕಿವಿಗೆ ಫೋನ್ ಅಂಟಿಕೊಂಡಿತ್ತು; ಯಾವುದೋ ಗೋದಾಮಿನ ಸೋರುವ ಸೂರಿನ ಬಗ್ಗೆ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತ ನಡೆದರು. ಅಕ್ಕ ಹಿಂದೆ, ಅವಳ ಹಿಂದೆ ತಂಡ. ತಿರುವು ಬಂತು. ಸಾಹೇಬರು ಬೈಯುತ್ತಲೇ ಹೊಸ ಮೆಟ್ಟಿಲು ಹತ್ತಿದರು, ಬೈಯುತ್ತಲೇ ದಾರಿ ಬಾಗಿದ ಕಡೆ ತಿರುಗಿದರು, ಮಧ್ಯದಲ್ಲಿ ಬಂದು ನಿಂತು ಫೋನ್ ಜೇಬಿಗೆ ಹಾಕಿದರು.

"ಎಲ್ಲಮ್ಮಾ, ಹೊಸ ಮೆಟ್ಟಿಲು ಅಂದಿದ್ರಿ?"

ರೇಡಿಯೋ ಕೆಮ್ಮು ಬಂದವನಂತೆ ಆಚೆ ತಿರುಗಿದ. ಅಕ್ಕ, "ಹತ್ತಿ ಬಂದ್ರಲ್ಲ ಸಾರ್, ಅದೇ" ಎಂದಳು. ಸಾಹೇಬರು ಹಿಂತಿರುಗಿ ನೋಡಿ ಮುಖ ಸಣ್ಣದು ಮಾಡಿದರು.

"ಇದಾ? ಇದರಲ್ಲಿ ಏನಿದೆ?" ಎಂದವರ ಕಣ್ಣು ಮೇಲಿನ ಅರ್ಧಕ್ಕೆ ಹೋಯಿತು. "ಆಹಾ. ಅದು ನೋಡಿ ಮೆಟ್ಟಿಲು ಅಂದ್ರೆ. ಎಂಥಾ ಕಲ್ಲು, ಎಂಥಾ ಗೆರೆ." ಹೊಗಳುತ್ತ ಹೊಗಳುತ್ತ ಅವರು ಮೇಲೆ ಹೊರಟರು. ಮೊದಲ ಎತ್ತರದ ಕಲ್ಲಿನ ಹತ್ತಿರ ಬಂದಾಗ ಅವರ ಕಾಲು, ಅವರನ್ನು ಒಂದು ಮಾತೂ ಕೇಳದೆ, ಎಡಕ್ಕೆ ಹೊರಳಿ ಹುಲ್ಲಿನ ಮೇಲೆ ಹೋಯಿತು. ಸಾಹೇಬರು ಹುಲ್ಲಿನ ಮೇಲೆ ಏದುಸಿರು ಬಿಡುತ್ತ ಹತ್ತಿದರು, ಪಕ್ಕದ ಮೆಟ್ಟಿಲುಗಳನ್ನು ಕೈಯಿಂದ ಸವರುತ್ತ. "ಇದನ್ನು ಕಟ್ಟಿದವರು ಯಾರು? ಅವರೇ ನಮಗೆ ಬೇಕಾದವರು."

ಎಲ್ಲರೂ ಮೆಣಸಿನಕಾಯಿಯ ಕಡೆ ತಿರುಗಿದರು. ನಾನು ಅಂತ ಹೇಳಿ ಸುಮ್ಮನಾಗು ತಾಯಿ, ಇನ್ನೊಂದು ಮಾತು ಆಡಬೇಡ, ಎಂದು ಅಕ್ಕ ಮನಸ್ಸಿನಲ್ಲೇ ಹುಡುಗಿಯ ಕೈಕಾಲು ಹಿಡಿದಳು.

"ನಾನು ಸಾರ್," ಎಂದಳು ಮೆಣಸಿನಕಾಯಿ.

"ಶಭಾಷ್."

"ಊಟ ಆದ ಮೇಲೆ ಅದನ್ನೂ ಕೀಳ್ತೀವಿ ಸಾರ್."

ಸಾಹೇಬರ ಹುಬ್ಬು ಗಂಟಾಯಿತು. "ಇಷ್ಟು ಚೆನ್ನಾಗಿರೋದನ್ನ ಯಾಕಮ್ಮಾ ಕೀಳ್ತೀರಿ? ತಲೆ ಸರಿ ಇದೆಯಾ?"

"ಚೆನ್ನಾಗಿದೆ ಸಾರ್. ಆದ್ರೆ ನೀವು ಅದರ ಮೇಲೆ ಹತ್ತಲಿಲ್ಲ."

ಸಾಹೇಬರು ಬಗ್ಗಿ ತಮ್ಮ ಕಾಲು ನೋಡಿಕೊಂಡರು. ಬೂಟಿನ ಸುತ್ತ ಹುಲ್ಲು. ಹಿಂದೆ ಬಂದ ದಾರಿಯುದ್ದಕ್ಕೂ ತುಳಿದ ಹುಲ್ಲು. ಅದರ ಕೆಳಗೆ, ಮಾತಾಡುತ್ತ ಹತ್ತಿ ಬಂದು ಕಂಡೇ ಇಲ್ಲ ಎಂದಿದ್ದ ಮೆಟ್ಟಿಲುಗಳು. ಅವರ ಕುತ್ತಿಗೆ ಕೆಂಪಾಯಿತು. ಬೈಯುತ್ತಾರೆ ಎಂದುಕೊಂಡಳು ಅಕ್ಕ. ತಪ್ಪು ತನ್ನದೆಂದು ಹೇಳಲು ಒಂದು ಹೆಜ್ಜೆ ಮುಂದೆ ಬಂದಳು. ಅಷ್ಟರಲ್ಲಿ ಸಾಹೇಬರು ಕೆಳಗಿಳಿದರು. ಹೊಸ ಮೆಟ್ಟಿಲಿನ ಬುಡದವರೆಗೆ ಹೋಗಿ, ಈ ಸಲ ಫೋನ್ ಇಲ್ಲದೆ, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಮಧ್ಯದಲ್ಲಿ ನಿಂತು ಒಂದು ಮಂಡಿಯನ್ನು ಒತ್ತಿ ನೋಡಿಕೊಂಡರು.

"ಹೋದ ವರ್ಷದಿಂದ ಈ ಮಂಡಿ ನೋವು," ಎಂದರು, ಯಾರಿಗೂ ಅಲ್ಲದಂತೆ. ಆಮೇಲೆ ಮೆಣಸಿನಕಾಯಿಯ ಕಡೆ ತಿರುಗಿದರು. "ಸೋಮವಾರ ಆಫೀಸಿಗೆ ಬಾ. ಕೆಲಸಕ್ಕೆ ಸೇರಿಕೊಳ್ಳೋದಕ್ಕೆ."

"ಸೋಮವಾರ ಆಗಲ್ಲ ಸಾರ್. ಇದು ಮುಗೀಬೇಕು."

ಅಕ್ಕ ಕಣ್ಣು ಮುಚ್ಚಿಕೊಂಡಳು. ಸಾಹೇಬರು ಒಂದು ಕ್ಷಣ ಹುಡುಗಿಯನ್ನೇ ನೋಡಿ, "ಸರಿ, ಮುಗಿಸಿಕೊಂಡೇ ಬಾ" ಎಂದು ಕರವಸ್ತ್ರದಿಂದ ಮುಖ ಒರೆಸಿಕೊಂಡು ಇಳಿದು ಹೋದರು.

ಜೀಪಿನ ಸದ್ದು ದೂರವಾದ ಮೇಲೆ ರೇಡಿಯೋ ಕುಣಿದ, ಉಳಿದವರೆಲ್ಲ ಅವಳನ್ನು ಮುತ್ತಿಕೊಂಡರು. ಅಕ್ಕ ಸ್ವಲ್ಪ ದೂರದಲ್ಲೇ ನಿಂತಳು. ಏನಾದರೂ ದೊಡ್ಡ ಮಾತು ಹೇಳಬೇಕೆನ್ನಿಸಿತು. ನಿನ್ನಿಂದ ನಾನು ಕಲಿತೆ, ನಿನ್ನಂಥವಳು ನನ್ನ ಕೈಕೆಳಗೆ ಇದ್ದದ್ದು ನನ್ನ ಪುಣ್ಯ, ಹೀಗೇನೋ. ಮೆಣಸಿನಕಾಯಿ ಅಷ್ಟರಲ್ಲಿ ಎಲ್ಲರನ್ನೂ ತಳ್ಳಿಕೊಂಡು ಹೊರಗೆ ಬಂದು, ಮೇಲಿನ ಅರ್ಧದ ಮೊದಲ ಕಲ್ಲಿನ ಕೆಳಗೆ ಹಾರೆ ತೂರಿಸಿ, ತಲೆ ಎತ್ತದೆ ಕರೆದಳು.

"ಅಕ್ಕ, ಅಲ್ಲೇನು ನಿಂತಿದೀರಿ? ಆ ಕಡೆ ಹಿಡೀರಿ. ನಾನು ಹೇಳೋ ತನಕ ಎತ್ತಬೇಡಿ."

ಅಕ್ಕ ಹೋಗಿ ಆ ಕಡೆ ಹಿಡಿದಳು. ಅವಳು ಹೇಳುವ ತನಕ ಕಾದಳು.